ಕುಪ್ಪಗಡ್ಡೆಗೆ ಅಸಂಗತ ಹೊಸತೇನಲ್ಲ

ಫ್ರೆಂಚ್ ಚಿತ್ರದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ನಗರದ ರಸಿಕರು ಒಂದು ಮಾತನ್ನು ತಪ್ಪದೆ ಆಡುತ್ತಾರೆ: "ಇದು ಎಲ್ಲರಿಗೂ ದಕ್ಕುವುದಲ್ಲ." ಆ 'ಎಲ್ಲರೂ' ಯಾರೆಂದು ಕೇಳಿದರೆ ಬೆರಳು ಹಳ್ಳಿಯ ಕಡೆ ತಿರುಗುತ್ತದೆ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂಥ ಊರಿನಲ್ಲಿ ಅಡಿಕೆ ಸುಲಿದು, ಭತ್ತ ಒಕ್ಕಿ ಬದುಕುವ ಜನಕ್ಕೆ ಅಸಂಗತ ಚಿತ್ರ ಹೇಗೆ ಅರ್ಥವಾದೀತು ಎಂಬುದು ಅವರ ಮರುಕ. ಈ ಮರುಕದಲ್ಲಿ ಅರ್ಧ ಅಹಂಕಾರ, ಉಳಿದರ್ಧ ಅಜ್ಞಾನ.

ಲೂಯಿ ಮಾಲ್ 1960ರಲ್ಲಿ ತೆಗೆದ ಝಾಜಿಯ ಚಿತ್ರವನ್ನೇ ತೆಗೆದುಕೊಳ್ಳಿ. ರೆಮೋಂ ಕೆನೊ 1959ರಲ್ಲಿ ಬರೆದ ಕಾದಂಬರಿ ಅದರ ಮೂಲ. ತಾಯಿ ತನ್ನ ಪ್ರಿಯನೊಡನೆ ಎರಡು ದಿನ ಕಳೆಯಲೆಂದು ಪ್ಯಾರಿಸ್ಸಿಗೆ ಬಂದು, ಮಗಳು ಝಾಜಿಯನ್ನು ಮಾವನ ಕೈಗೆ ಒಪ್ಪಿಸಿ ಹೋಗುತ್ತಾಳೆ. ಆ ಮಾವನೋ ರಾತ್ರಿಯ ಕ್ಲಬ್ಬಿನಲ್ಲಿ ಹೆಣ್ಣುವೇಷ ಹಾಕಿ ಕುಣಿಯುವವನು. ಹುಡುಗಿಗೆ ಬೇಕಾದದ್ದು ಒಂದೇ, ನೆಲದಡಿಯ ರೈಲು. ಅದು ಮುಷ್ಕರದಿಂದ ನಿಂತಿದೆ. ಕೊನೆಗೆ ರೈಲು ಓಡಿದಾಗ ಅವಳು ನಿದ್ದೆಯಲ್ಲಿರುತ್ತಾಳೆ. ನಡುವೆ ಓಟ, ಬೀಳಾಟ, ಹೋಟೆಲಿನ ರಂಪ. ನೋಡಿದವರು ನಕ್ಕು ಸುಸ್ತಾಗಿ, 'ಅಸಂಗತ' ಎಂಬ ಚೀಟಿ ಅಂಟಿಸಿ ಎದ್ದುಬಿಡುತ್ತಾರೆ. ಆದರೆ ಕಾದಂಬರಿಯಲ್ಲಿ ಆ ಹುಡುಗಿ ಏನೂ ಆಗಿಲ್ಲವೆಂಬಂತೆ ಹೇಳುವ ಸಂಗತಿಯೊಂದಿದೆ: ತಂದೆ ತನ್ನ ಮೈಮೇಲೆ ಬಿದ್ದ, ತಾಯಿ ಅವನನ್ನು ಕೊಡಲಿಯಿಂದ ಕೊಂದಳು. ನಗೆಯ ಕೆಳಗಿನ ಈ ಮನೆ ನಮ್ಮ ರಸಿಕರಲ್ಲಿ ಎಷ್ಟು ಮಂದಿಯ ಕಣ್ಣಿಗೆ ಬಿದ್ದಿದೆ?

ಈಗ ಕುಪ್ಪಗಡ್ಡೆಗೆ ಬರೋಣ. ಅದೇ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟದಲ್ಲಿ ರೇಣುಕಾಂಬೆ ಇದ್ದಾಳೆ. ಅವಳ ಕಥೆ ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ದಿನವೂ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ತರಬೇಕು. ಪಾತಿವ್ರತ್ಯಕ್ಕೆ ಅದೇ ಪ್ರಮಾಣ. ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದವರನ್ನು ಕಂಡು ಮನಸ್ಸು ಅರೆಗಳಿಗೆ ಅತ್ತ ಹೊರಳಿತು, ಮರಳು ಕೊಡವಾಗಲಿಲ್ಲ. ಗಂಡ ಜಮದಗ್ನಿ ತಲೆ ಕಡಿಯೆಂದ. ಮಗ ಪರಶುರಾಮ ಕೊಡಲಿ ಎತ್ತಿದ. ಮೆಚ್ಚಿದ ತಂದೆ ವರ ಕೇಳೆಂದಾಗ ಅದೇ ಮಗ ತಾಯಿಯನ್ನು ಬದುಕಿಸಿಕೊಡೆಂದ. ಮರಳು ಕೊಡವಾಗದ್ದು ಅಪರಾಧ, ತಾಯಿಯನ್ನು ಕಡಿದದ್ದು ಪಿತೃಭಕ್ತಿ! ಇದಕ್ಕಿಂತ ಅಸಂಗತವಾದ ಸಂಸಾರವನ್ನು ಯಾವ ಪ್ಯಾರಿಸ್ಸಿನವನು ಕಟ್ಟಿದ್ದಾನೆ? ಇಂಥ ಕಥೆಯನ್ನು ಕೇಳಿ ಬೆಳೆದವರಿಗೆ ಅಸಂಗತವನ್ನು ಕಲಿಸುವ ಹೊಣೆ ನಮಗೆ ಬೇಡ. ಅವರು ನಕ್ಕು ಎದ್ದುಹೋಗುವುದಿಲ್ಲ. ಕಡಿಸಿಕೊಂಡ ಹೆಣ್ಣಿಗೆ ಕೈಮುಗಿಯುತ್ತಾರೆ. (ಕೈಮುಗಿದು ಸುಮ್ಮನಾಗುವುದರ ಬಗ್ಗೆ ನನ್ನದು ಬೇರೆ ತಕರಾರಿದೆ, ಅದು ಇನ್ನೊಂದು ವಾರಕ್ಕಿರಲಿ.)

ಪುರಾಣ ಬೇರೆ, ಸಿನಿಮಾ ಬೇರೆ ಎಂದಾರು. ಸರಿ, ಸಿನಿಮಾಕ್ಕೇ ಬರೋಣ. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ 'ಘಟಶ್ರಾದ್ಧ' ತೆಗೆದರು. ವೇದಪಾಠ ಹೇಳುವ ಉಡುಪರ ವಿಧವೆ ಮಗಳು ಯಮುನಕ್ಕ ಶಾಲೆಯ ಮೇಷ್ಟರಿಂದ ಬಸಿರಾದಳು. ಮೇಷ್ಟರು ನುಣುಚಿಕೊಂಡರು. ಬದುಕಿರುವ ಮಗಳಿಗೆ ತಂದೆ ಘಟ ಒಡೆದು ಶ್ರಾದ್ಧ ಮಾಡಿದರು. ಆಮೇಲೆ ಅದೇ ಮುದುಕರು ಎಳೆಯ ಹುಡುಗಿಯ ಕೈಹಿಡಿಯಲು ಸಿದ್ಧರಾದರು. ಇಲ್ಲಿ ಓಟವಿಲ್ಲ, ಬೀಳಾಟವಿಲ್ಲ, ಯಾರೂ ನಗುವುದಿಲ್ಲ. ಆದರೂ ಸತ್ತವರಿಗೆ ಮಾಡುವುದನ್ನು ಜೀವಂತ ಮಗಳಿಗೆ ಮಾಡುವ ಈ ತರ್ಕಕ್ಕೆ 'ಅಸಂಗತ' ಎಂಬ ಹೆಸರನ್ನು ನಮ್ಮ ರಸಿಕರು ಏಕೆ ಕೊಡಲಿಲ್ಲ? ಸ್ವರ್ಣಕಮಲ ಬಂದದ್ದೇ ತಡ, 'ಕಲಾತ್ಮಕ' ಎಂದು ಕರೆದು ಕಪಾಟಿಗೆ ಸೇರಿಸಿದರು. ಮಲೆನಾಡಿನ ಹೆಂಗಸರಿಗೆ ಅದು ಅಜ್ಜಿಯಂದಿರು ಪಿಸುಗುಟ್ಟುತ್ತಿದ್ದ ಪಕ್ಕದ ಮನೆಯ ಸುದ್ದಿ.

ಹಳ್ಳಿಗೆ ದಕ್ಕದೆಂಬ ವಾದಕ್ಕೆ ಉತ್ತರ ಎಂದೋ ಸಿಕ್ಕಿದೆ, ಅದೂ ಪಕ್ಕದ ಸಾಗರ ತಾಲ್ಲೂಕಿನಲ್ಲಿ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಕುರೋಸಾವನ 'ರಾಶೊಮನ್', ಡಿ ಸಿಕಾನ 'ಬೈಸಿಕಲ್ ಥೀವ್ಸ್'ಗಳನ್ನು ಹಳ್ಳಿಗರ ಮುಂದಿಟ್ಟರು. ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಜಪಾನೀ ಚಿತ್ರಕ್ಕಿಂತ ಝಾಜಿಯ ರೈಲು ಕಷ್ಟವೆ? ಸುಬ್ಬಣ್ಣನವರು ಮಾಟ ಮಾಡಲಿಲ್ಲ. ರಸಗ್ರಹಣದ ಶಿಬಿರಗಳನ್ನು ಕನ್ನಡದಲ್ಲಿ ನಡೆಸಿದರು, ಅಷ್ಟೆ.

ಆ 'ಅಷ್ಟೆ'ಯೇ ಇಂದು ಕಾಣೆಯಾಗಿದೆ. ಫ್ರೆಂಚ್ ಚಿತ್ರ ಈಗ ಕೈಯ ಫೋನಿಗೇ ಬರುತ್ತದೆ, ಅದರ ಅಡಿಬರಹ ಮಾತ್ರ ಇಂಗ್ಲಿಷಿನದು. ಬೆಂಗಳೂರಿನ ಚಿತ್ರೋತ್ಸವಗಳಲ್ಲೂ ಅದೇ ಪಾಡು. ಕುಪ್ಪಗಡ್ಡೆಯವರಿಗೂ ಝಾಜಿಗೂ ನಡುವೆ ಅಡ್ಡ ನಿಂತಿರುವುದು ಅಸಂಗತವಲ್ಲ, ಇಂಗ್ಲಿಷು. ಅದನ್ನು ಅಭಿರುಚಿಯ ಕೊರತೆಯೆಂದು ಕರೆಯುವವರು ತಮ್ಮ ಸೋಮಾರಿತನಕ್ಕೆ ಒಳ್ಳೆಯ ಹೆಸರು ಹುಡುಕಿಕೊಂಡಿದ್ದಾರೆ.

'ಘಟಶ್ರಾದ್ಧ'ದ ದುರಸ್ತಿಯಾದ ಪ್ರತಿ 2024ರಲ್ಲಿ ವೆನಿಸ್ಸಿನ ಚಿತ್ರೋತ್ಸವ ಕಂಡಿತು. ಸಂತೋಷ. ಆ ಪ್ರತಿಯನ್ನು ಸೊರಬದ ಕಡೆಗೂ ಕಳಿಸಲಿ. ನಮ್ಮ ಚಲನಚಿತ್ರ ಅಕಾಡೆಮಿ ಝಾಜಿಗೆ ಕನ್ನಡದ ಅಡಿಬರಹ ಹಾಕಿಸಲಿ. ಒಂದು ಚಿತ್ರದ ಮಾತುಗಳನ್ನು ಕನ್ನಡಿಸುವ ಖರ್ಚು ಒಂದು ಉದ್ಘಾಟನೆಯ ಹಾರತುರಾಯಿಗಿಂತ ಬಹಳ ಹೆಚ್ಚಾಗಲಾರದು. ಕುಪ್ಪಗಡ್ಡೆಯ ಶಾಲೆಯ ಹಜಾರದಲ್ಲಿ ಬಿಳಿ ಪರದೆ ಕಟ್ಟಿ, ಮೊದಲ ರಾತ್ರಿ ಯಮುನಕ್ಕನನ್ನೂ ಮರುರಾತ್ರಿ ಝಾಜಿಯನ್ನೂ ತೋರಿಸಲಿ. ಅಡಿಕೆಯ ಕೊಯ್ಲು ಮುಗಿದ ಮೇಲಾದರೆ ಹೆಂಗಸರೂ ಹೆಚ್ಚಾಗಿ ಬಂದಾರು.