ಉಂಡಿ ತಿಂದ್ರಿ, ರೊಕ್ಕ ಯಾವಾಗ ಕೊಡ್ತೀರಿ?

ಇದನ್ನ ಬರೀಲೋ ಬ್ಯಾಡೋ ಅಂತ ಎರಡು ವಾರ ವಿಚಾರ ಮಾಡಿದೆ. ಓದಿ ಯಾರಿಗರ ಸಿಟ್ಟು ಬಂದ್ರ ಬರ್ಲಿ. ನಾಗರಪಂಚಮಿ ಮತ್ತ ಬಂತು, ಹೋದ ವರ್ಷದ ಪಂಚಮಿ ಉಂಡಿ ರೊಕ್ಕ ಇನ್ನೂ ನನ್ನ ಕೈಗೆ ಬಂದಿಲ್ಲ.

ನಾ ಮನ್ಯಾಗ ರೊಟ್ಟಿ, ಶೇಂಗಾ ಚಟ್ನಿ, ಹಬ್ಬ ಬಂದ್ರ ಉಂಡಿ ಮಾಡಿ ಮಾರೂದು ನಿಮಗೆಲ್ಲಾ ಗೊತ್ತೇ ಅದ. ಹೋದ ವರ್ಷ ನಮ್ಮ ಓಣ್ಯಾಗಿನ ಒಬ್ಬಾಕಿ ಬೇಸನ್ ಉಂಡಿ ಎರಡು ಕಿಲೋ, ಶೇಂಗಾ ಉಂಡಿ ಎರಡು ಕಿಲೋ, ನೂರು ಕಟಕ ರೊಟ್ಟಿ ಒಯ್ದಳು. ಒಟ್ಟು 2,400 ರೂಪಾಯಿ. "ಮಗಳು ಬಂದಾಳ ವೈನಿ, ಕಟ್ಟಿ ಕಳಸಬೇಕು, ರೊಕ್ಕ ಸಂಜಿಗೆ ಕೊಡ್ತೇನಿ" ಅಂದ್ಲು. ಆ ಸಂಜಿ ಇನ್ನೂ ಆಗಿಲ್ಲ.

ದೀಪಾವಳಿಗೆ ಕೇಳಿದ್ರ, ಮನೆಯವರ ಪಗಾರ ಆಗಿಲ್ಲ. ಸಂಕ್ರಾಂತಿಗೆ ಕೇಳಿದ್ರ, ಇವತ್ತ ಶುಕ್ರವಾರ, ಲಕ್ಷ್ಮೀನ ಹೊರಗ ಕಳಸಂಗಿಲ್ಲ. ಹಂಗಾದ್ರ ಶುಕ್ರವಾರ ನನ್ನ ಮನಿಗೆ ಲಕ್ಷ್ಮಿ ಬರಬಾರದೇನು? ಯುಗಾದಿಗೆ ಕೇಳಿದಾಗಂತೂ ನಾಲ್ಕು ಮಂದಿ ಮುಂದ, "ಎರಡು ಸಾವಿರಕ್ಕ ಎಷ್ಟ್ ಬೆನ್ನ ಹತ್ತೀರಿ ವೈನಿ, ನಾವೇನು ಊರು ಬಿಟ್ಟು ಓಡಿ ಹೋಗ್ತೇವೇನು?" ಅಂದ್ಲು. ಕೊಡಬೇಕಾದಾಕಿ ತಲಿ ಎತ್ತಿ ಹೋದ್ಲು, ನಾ ತಪ್ಪು ಮಾಡಿದವರಂಗ ನಿಂತೆ.

ಬರ್ರಿ, ಲೆಕ್ಕಾ ಹಾಕೂಣು. ಕಡ್ಲಿಹಿಟ್ಟು, ತುಪ್ಪ, ಸಕ್ರಿ, ಶೇಂಗಾ, ಬೆಲ್ಲ, ಜ್ವಾಳ, ಗಿರಣಿ, ಗ್ಯಾಸ್ ಎಲ್ಲಾ ಸೇರಿ 1,600 ಖರ್ಚು. ನನ್ನ ದುಡಿಮಿ 800. ಕಿರಾಣಿ ಅಂಗಡಿಗೆ ನಾ ಅದ ವಾರ ರೊಕ್ಕ ಕೊಟ್ಟೇನಿ. ಅಂದ್ರ ಆಕಿ ಮಗಳಿಗೆ ಉಂಡಿ ಕಳಿಸಿದಾಕಿ ನಾನ! ಆ 1,600 ತುಂಬಿಕೊಳ್ಳಬೇಕಂದ್ರ ಅಂಥಾವ ಇನ್ನೂ ಎರಡು ಆರ್ಡರ್ ನಾ ಪುಕ್ಕಟೆ ದುಡಿಬೇಕು. "ಎರಡು ಸಾವಿರಕ್ಕ" ಅಂತ ಮೂಗು ಮುರಿಯೋರು ಒಲಿ ಮುಂದ ಒಂದು ಮಧ್ಯಾಹ್ನ ಕೂತು ನೋಡ್ರಿ.

ಮೊಬೈಲ್ ರಿಚಾರ್ಜ್ ಒಂದು ದಿನ ತಡ ಮಾಡಂಗಿಲ್ಲ. ಕರೆಂಟ್ ಬಿಲ್ ಕಟ್ಟದಿದ್ರ ಕನೆಕ್ಷನ್ ತಗೀತಾರ ಅಂತ ಓಡ್ತೇವಿ. ದೊಡ್ಡ ಅಂಗಡ್ಯಾಗ ರೊಕ್ಕ ಕೊಡದ ಚೀಲ ಹೊರಗ ಬರಂಗಿಲ್ಲ. ಮನ್ಯಾಗ ಮಾಡೋ ಹೆಣ್ಮಗಳ ರೊಕ್ಕ ಮಾತ್ರ "ಎಲ್ಲಿ ಹೋಗ್ತಾಳ, ಕಾಯ್ತಾಳ ಬಿಡು". ಖರೇನ ಕಷ್ಟ ಇದ್ರ ಹೇಳ್ರಿ, ನಾ ಕಾಯ್ತೇನಿ, ಕಾದೂ ಕಾದೇನಿ. ಇದ್ದೂ ಕೊಡದವರ ಮಾತು ಇದು.

ನಾನೂ ಏನ್ ಭಾಳ ಶಾಣ್ಯಾಕಿ ಅಲ್ಲ. ಬ್ಲೌಸ್ ಹೊಲಿಯಾಕಿಗೆ 350 ರೂಪಾಯಿ ನಾಲ್ಕು ತಿಂಗಳಿಂದ ಕೊಟ್ಟಿದ್ದಿಲ್ಲ. ಇದನ್ನ ಬರಿಯೂಕಿಂತ ಮೊದ್ಲ ಹೋಗಿ ಕೊಟ್ಟು ಬಂದೆ. "ಇರ್ಲಿ ಬಿಡ್ರಿ ಅಕ್ಕಾರ, ಏನ್ ಅವಸರ" ಅಂದ್ಲು. ಅಂದ್ರೂ ಅಲ್ಲೇ ನಿಂತು ಎಣಿಸಿದ್ಲು. ಅಕಿಗೂ ಬೇಕಾಗಿತ್ತು, ಕೇಳ್ಲಿಕ್ಕೆ ನಾಚಿಕಿ ಅಷ್ಟ.

ಮಾರೋ ಅಕ್ಕ-ತಂಗ್ಯಾರಿಗೂ ಒಂದು ಮಾತು. ನಾ ಈ ಉದ್ರಿ ಕ್ಯಾಲೆಂಡರ್ ಮ್ಯಾಲೆ ಬರದಿದ್ದೆ. ಜನವರಿಗೆ ಹೊಸಾ ಕ್ಯಾಲೆಂಡರ್ ಬಂತು, ಹಳೇದು ರದ್ದಿಗೆ ಹೋತು. ನೀವು ಹಂಗ ಮಾಡಬ್ಯಾಡ್ರಿ. ಒಂದು ವಹಿ ಇಡ್ರಿ. ತಾರೀಖು, ಏನು, ಎಷ್ಟು ಅಂತ ಬರದು ಒಯ್ಯೋರ ಸಹಿ ತಗೊಳ್ರಿ. 1963ರ ಲಿಮಿಟೇಶನ್ ಕಾಯ್ದೆ ಪ್ರಕಾರ ಇಂಥಾ ಬಾಕಿಗೆ ಮಾಲು ಕೊಟ್ಟ ದಿನದಿಂದ ಮೂರು ವರ್ಷದ ಒಳಗ ದಾವೆ ಹಾಕಬೇಕು. ಅದು ಮುಗಿಯೂಕಿಂತ ಮೊದ್ಲ "ಇಷ್ಟು ಕೊಡೂದದ" ಅಂತ ಅವರು ಬರದು ಸಹಿ ಮಾಡಿದ್ರ ಅಲ್ಲಿಂದ ಮತ್ತ ಮೂರು ವರ್ಷ. ಇಷ್ಟಕ್ಕ ಕೋರ್ಟಿಗೆ ಯಾರು ಹೋಗ್ತಾರ ಅಂತೀರಿ, ಖರೇ. ಆದ್ರ ತಾಲೂಕು ಕಾನೂನು ಸೇವಾ ಸಮಿತಿ ಅಂತ ಅದ. 1987ರ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ ಆದಾಯ ಎಷ್ಟರ ಇರ್ಲಿ, ಅಲ್ಲಿ ಪುಕ್ಕಟೆ ನೆರವು. ಕೇಸ್ ಹಾಕೂಕಿಂತ ಮೊದ್ಲ ಇಬ್ಬರನ್ನೂ ಕರಸಿ ಲೋಕ ಅದಾಲತ್‌ದಾಗ ರಾಜಿ ಮಾಡಸ್ಲಿಕ್ಕೂ ಬರ್ತದ.

ಈ ಪಂಚಮಿಯಿಂದ ನನ್ನ ಮನ್ಯಾಗ ಅರ್ಧ ರೊಕ್ಕ ಮುಂಗಡ, ಉಳಿದದ್ದು ಡಬ್ಬಿ ಕೈಗೆ ಕೊಡೂವಾಗ. ಬೀಗರಿರ್ಲಿ, ನೆಗೆಣ್ಣಿ ಇರ್ಲಿ, ಎಲ್ಲಾರಿಗೂ ಇದ.

ಓಣ್ಯಾಗಿನಾಕಿ ಇದನ್ನ ಓದ್ತಾಳ ಅಂತ ನನಗ ಗೊತ್ತದ. ತಂಗೀ, ಸಿಟ್ಟಾಗಬ್ಯಾಡ. ಗುರುವಾರನ ಬಾ, ಶುಕ್ರವಾರದ ತಕರಾರು ಇರಂಗಿಲ್ಲ. ಚಹಾ ಕುಡದು ಹೋಗು, ಅದಕ್ಕ ರೊಕ್ಕ ಕೇಳಂಗಿಲ್ಲ.