‘ಎಕ್ಸ್‌ಪ್ರೆಶನ್’ ಎಂಬ ಮಾತು: ಒಂದು ವಿಚಾರ

ಇಂದಿನ ವಿದ್ಯಾಲಯಗಳಲ್ಲಿ ಮೇಲಿಂದ ಮೇಲೆ ಕಿವಿಗೆ ಬೀಳುವ ಆಂಗ್ಲ ಶಬ್ದಗಳಲ್ಲಿ ‘ಎಕ್ಸ್‌ಪ್ರೆಶನ್’ ಎಂಬುದೂ ಒಂದು. ‘ಹುಡುಗ ಜಾಣನೇ ಸರಿ, ಆದರೆ ಎಕ್ಸ್‌ಪ್ರೆಶನ್ ಸಾಲದು’ ಎಂದು ಅಧ್ಯಾಪಕರು ನುಡಿಯುತ್ತಾರೆ. ‘ನಮ್ಮ ಮಗಳಿಗೆ ಎಕ್ಸ್‌ಪ್ರೆಸ್ ಮಾಡಲು ಬರುವುದಿಲ್ಲ’ ಎಂದು ತಂದೆತಾಯಿಗಳು ಕೊರಗುತ್ತಾರೆ. ವಿಚಾರಿಸಿ ನೋಡಿದರೆ ಈ ಎರಡೂ ಮಾತುಗಳ ಇಂಗಿತ ಬಹುಮಟ್ಟಿಗೆ ಒಂದೇ: ಮಗು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡುವುದಿಲ್ಲ. ಅಜ್ಜಿಯಿಂದ ಕೇಳಿದ ಕಥೆಯನ್ನು ಗೆಳೆಯರ ಮುಂದೆ ಕಣ್ಣಿಗೆ ಕಟ್ಟುವಂತೆ ಹೇಳಬಲ್ಲ ಮಗುವೇ ತರಗತಿಯಲ್ಲಿ ಮೂಕನೆನಿಸಿಕೊಳ್ಳುತ್ತದೆ. ಒಂದು ಶಬ್ದದ ಅರ್ಥ ಕುಗ್ಗಿದ ಮಾತ್ರಕ್ಕೆ ಒಂದು ಮಗುವಿನ ಯೋಗ್ಯತೆಯೇ ಕುಗ್ಗಿ ಕಾಣುವುದಾದರೆ, ಆ ಶಬ್ದವನ್ನು ಬಿಡಿಸಿ ನೋಡುವುದು ಕೇವಲ ಪಂಡಿತರ ವಿನೋದವಾಗಲಾರದು. ಅದು ವಿದ್ಯಾಸಂಸ್ಥೆಗಳ ಕರ್ತವ್ಯವೂ ಹೌದು.

‘ಎಕ್ಸ್‌ಪ್ರೆಸ್’ ಲ್ಯಾಟಿನ್ ಮೂಲದ ಶಬ್ದ. ಅದರಲ್ಲಿ ‘ಎಕ್ಸ್’ ಎಂದರೆ ಹೊರಕ್ಕೆ. ‘ಪ್ರೆಸ್’ ಎಂದರೆ ಒತ್ತು, ಅದುಮು. ಹಣ್ಣನ್ನು ಹಿಂಡಿ ರಸ ತೆಗೆಯುವುದಕ್ಕೂ, ಮೇಣದಲ್ಲಿ ಒತ್ತಿ ಆಕೃತಿ ಮೂಡಿಸುವುದಕ್ಕೂ ರೋಮನ್ನರು ಬಳಸುತ್ತಿದ್ದ ಕ್ರಿಯಾಪದವೇ ಭಾವವನ್ನು ಹೊರತರುವುದೆಂಬ ಅರ್ಥವನ್ನೂ ತಳೆಯಿತು. ಆಲೆಮನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಣಕ್ಕೆ ಕಬ್ಬು ಕೊಟ್ಟರೆ ರಸ ಸುರಿಯುತ್ತದೆ. ಬರಿಯ ಗಾಣ ತಿರುಗಿದರೆ ಸದ್ದು ಬಂದೀತೇ ಹೊರತು ರಸ ಬಾರದು. ಒಳಗೆ ಏನಾದರೂ ಇದ್ದರೆ ತಾನೇ ಹೊರಗೆ ಬರುವುದು?

ಈ ಶಬ್ದದ ದಾಯಾದಿಗಳನ್ನೂ ಗಮನಿಸಬೇಕು. ಒಳಕ್ಕೆ ಒತ್ತಿ ಮುದ್ರೆ ಮೂಡಿಸುವುದು ‘ಇಂಪ್ರೆಸ್’. ಮೇಲೆ ಬರಗೊಡದಂತೆ ಅದುಮಿಡುವುದು ‘ಸಪ್ರೆಸ್’. ಮಗುವಿನ ಮನಸ್ಸಿನಲ್ಲಿ ಮೊದಲು ಒಳ್ಳೆಯ ಮುದ್ರೆಗಳು ಮೂಡಬೇಕು, ಆ ಬಳಿಕವೇ ಅವು ಹೊರಹೊಮ್ಮಬೇಕು. ಮಗು ತೊದಲಿದಾಗ ನಕ್ಕರೆ, ತಪ್ಪು ಉಚ್ಚಾರಕ್ಕಾಗಿ ಹತ್ತು ಜನರೆದುರು ಹೀಗಳೆದರೆ, ಆಗುವುದು ಎಕ್ಸ್‌ಪ್ರೆಶನ್ನಿನ ಶಿಕ್ಷಣವಲ್ಲ, ಅದರ ವಿರುದ್ಧ ಕ್ರಿಯೆ. ಒಂದನ್ನು ಕಲಿಸುತ್ತೇವೆಂದು ಹೊರಟು ಇನ್ನೊಂದನ್ನು ಮಾಡುವ ಅಪಾಯ ಪ್ರತಿಯೊಂದು ತರಗತಿಯಲ್ಲಿಯೂ ಇದೆ.

ಇನ್ನು ರೈಲುಗಾಡಿಯ ಮಾತು. ಎಕ್ಸ್‌ಪ್ರೆಸ್ ಎಂದರೆ ವೇಗವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆ ಶಬ್ದಕ್ಕೆ ಮೊದಲಿದ್ದ ಅರ್ಥ ‘ಸ್ಪಷ್ಟವಾದ’, ‘ಒಂದೇ ಉದ್ದೇಶಕ್ಕೆ ಮೀಸಲಾದ’ ಎಂದು. ಒಂದೇ ಕಾರ್ಯಕ್ಕೆಂದು ಅಟ್ಟಿದ ದೂತನನ್ನೂ ಹಾಗೆಯೇ ಕರೆಯುತ್ತಿದ್ದರು. ಗಾಡಿಗೆ ಆ ಹೆಸರು ಬಂದುದೂ ಅದೇ ಅರ್ಥದಿಂದ. ಸ್ಪಷ್ಟತೆ ಹಿರಿಯದು, ವೇಗ ಆಮೇಲೆ ಬಂದು ಸೇರಿದ ಗುಣ. ಬಡಬಡನೆ ಮಾತಾಡುವುದನ್ನೇ ಎಕ್ಸ್‌ಪ್ರೆಶನ್ ಎಂದು ಬಗೆಯುವವರು ಇದನ್ನು ನೆನೆಯಬೇಕು.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾಗಿ ನಿಂತಿರುವುದು ‘ಅಭಿವ್ಯಕ್ತಿ’ ಎಂಬ ಸಂಸ್ಕೃತ ಶಬ್ದ. ಇದರ ಧಾತು ‘ಅಂಜ್’: ಲೇಪಿಸು, ಬೆಳಗಿಸು, ಸ್ಫುಟಗೊಳಿಸು ಎಂದರ್ಥ. ಕಣ್ಣಿಗೆ ಹಚ್ಚುವ ಅಂಜನ, ವರ್ಣಮಾಲೆಯ ವ್ಯಂಜನ, ಆಲಂಕಾರಿಕರ ವ್ಯಂಜನಾವೃತ್ತಿ ಇವೆಲ್ಲ ಅದೇ ಧಾತುವಿನ ಸಂತತಿ. ಕತ್ತಲ ಕೋಣೆಯಲ್ಲಿರುವ ಗಡಿಗೆಯನ್ನು ದೀಪವು ತೋರುವುದೇ ಅಭಿವ್ಯಕ್ತಿಗೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ. ದೀಪ ಗಡಿಗೆಯನ್ನು ಸೃಷ್ಟಿಸುವುದಿಲ್ಲ, ಇದ್ದುದನ್ನು ಕಾಣಿಸುತ್ತದೆ. ಲ್ಯಾಟಿನ್ ಶಬ್ದ ಹಿಂಡುತ್ತದೆ, ಸಂಸ್ಕೃತ ಶಬ್ದ ಬೆಳಗುತ್ತದೆ. ಒಳಗೆ ಹುರುಳಿರಬೇಕೆಂಬಲ್ಲಿ ಮಾತ್ರ ಎರಡಕ್ಕೂ ಏಕವಾಕ್ಯತೆಯಿದೆ. ‘ವ್ಯಕ್ತಿ’ ಎಂಬ ಶಬ್ದವೂ ಇದೇ ಧಾತುವಿನಿಂದ ಬಂದುದು. ಮಗುವಿನ ಅಭಿವ್ಯಕ್ತಿಯನ್ನು ತಡೆದವರು ಅದರ ವ್ಯಕ್ತಿತ್ವವನ್ನೇ ತಡೆದಂತೆ.

ಅಚ್ಚಗನ್ನಡದ ಸಂಪತ್ತನ್ನಂತೂ ಹೇಳತೀರದು. ಹಿರಿಯರಲ್ಲಿ ಬಿನ್ನವಿಸುವುದು ಬೇರೆ, ಶಿಷ್ಯನಿಗೆ ಅರುಹುವುದು ಬೇರೆ. ಗುಟ್ಟನ್ನು ಉಸುರುತ್ತಾರೆ, ಸುದ್ದಿಯನ್ನು ಸಾರುತ್ತಾರೆ, ಕಂಡ ಚೆಲುವನ್ನು ಬಣ್ಣಿಸುತ್ತಾರೆ, ಕಷ್ಟ ಬಂದಾಗ ಮೊರೆಯಿಡುತ್ತಾರೆ, ಆಪ್ತರ ಮುಂದೆ ದುಃಖವನ್ನು ತೋಡಿಕೊಳ್ಳುತ್ತಾರೆ. ಬಾವಿ ತೋಡುವ ‘ತೋಡು’ ಶಬ್ದವೇ ಇಲ್ಲಿ ಎದೆಯ ಆಳಕ್ಕೆ ಇಳಿದಿದೆ. ಇಷ್ಟೆಲ್ಲವನ್ನೂ ‘ಎಕ್ಸ್‌ಪ್ರೆಸ್ ಮಾಡು’ ಎಂಬ ಒಂದೇ ಪಡಿಯಲ್ಲಿ ಅಳೆದರೆ, ನಷ್ಟ ನುಡಿಗೆ ಮಾತ್ರವಲ್ಲ. ಯಾರ ಮುಂದೆ, ಏನನ್ನು, ಹೇಗೆ ಹೇಳಬೇಕೆಂಬ ವಿವೇಕಕ್ಕೂ ನಷ್ಟ.

ಅಭಿವ್ಯಕ್ತಿಗೆ ಪರಭಾಷೆಯ ಹಂಗು ಬೇಕಿಲ್ಲವೆಂಬುದಕ್ಕೆ 12ನೆಯ ಶತಮಾನದ ಶಿವಶರಣರಿಗಿಂತ ಬೇರೆ ಸಾಕ್ಷಿ ಬೇಡ. ‘ವಚನ’ ಎಂದರೇ ನುಡಿದದ್ದು. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ತಮ್ಮ ಕಾಯಕದ ನುಡಿಯಲ್ಲಿಯೇ ಪರತತ್ತ್ವವನ್ನು ನುಡಿದರು. ಅಲ್ಲಿ ಅನುಭವ ಮೊದಲು, ವಚನ ಬಳಿಕ. ಫ. ಗು. ಹಳಕಟ್ಟಿಯವರು ತಾಡವಾಲೆಗಳಿಂದ ಎತ್ತಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದಾಗ, ಆ ನುಡಿಯ ಬಲ ಹೊಸ ಕಾಲಕ್ಕೂ ಮತ್ತೊಮ್ಮೆ ವ್ಯಕ್ತವಾಯಿತು.

1950ರ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಎರಡನ್ನೂ ಜೊತೆಯಾಗಿ ಹೇಳಿದೆ. ಅಂದರೆ ಅಭಿವ್ಯಕ್ತಿ ನಾಲಗೆಗಷ್ಟೇ ಸೀಮಿತವಲ್ಲ. ಬರಹ, ಚಿತ್ರ, ಅಭಿನಯಗಳೂ ಅದರ ವ್ಯಾಪ್ತಿಗೆ ಸೇರುತ್ತವೆ. ಆ ಹಕ್ಕು ಇಂತಹ ಭಾಷೆಯವರಿಗೆ ಮಾತ್ರವೆಂದು ಅಲ್ಲಿ ಹೇಳಿಲ್ಲ.

ಇದು ಇಂಗ್ಲಿಷಿನ ತಿರಸ್ಕಾರವಲ್ಲ. ಆ ಭಾಷೆ ಜ್ಞಾನದ ದೊಡ್ಡ ಬಾಗಿಲು. ಹಳ್ಳಿಯ ಮಕ್ಕಳಿಗೆ ಅದು ಚೆನ್ನಾಗಿ ಬರಲೇಬೇಕು. ಆದರೆ ಇಂಗ್ಲಿಷ್ ಬಲ್ಲತನವೇ ಬೇರೆ, ಅಭಿವ್ಯಕ್ತಿಯೇ ಬೇರೆ. ಅಂಕಪಟ್ಟಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಅಂಕಣವಿರಲಿ. ಮಗು ತನಗೆ ಬಂದ ನುಡಿಯಲ್ಲಿ ವಿಷಯವನ್ನು ಮೊದಲು ಹೇಳಲಿ. ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದನ್ನು ಆಮೇಲೆ ಕಲಿಯಲಿ. ದಾಸೋಹದ ಪರಂಪರೆಗೆ ಹೆಗಲು ಕೊಟ್ಟಿರುವ ದಾನಿಗಳು ಕಟ್ಟಡಗಳೊಂದಿಗೆ ಗ್ರಂಥಭಂಡಾರಕ್ಕೂ, ಕನ್ನಡದ ಕಥನ ಮತ್ತು ಭಾಷಣ ಸ್ಪರ್ಧೆಗಳಿಗೂ ನೆರವಾದರೆ ಒಳಗಿನ ಹುರುಳು ತಾನಾಗಿ ಬೆಳೆದೀತು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಮಕ್ಕಳ ಮಾತನ್ನು ಕುಳಿತು ಕೇಳಿದರೂ ಅದು ಸಣ್ಣ ಸೇವೆಯಲ್ಲ.

ಏಕೆಂದರೆ ಕೇಳುವವರಿಲ್ಲದ ಅಭಿವ್ಯಕ್ತಿ ಅರ್ಧ ಮಾತ್ರ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡಿಗರನ್ನು ಹೊಗಳುವಾಗ ನುಡಿಯುವ ಜಾಣ್ಮೆಯೊಡನೆ ನುಡಿದುದನ್ನು ಅರಿಯುವ ಜಾಣ್ಮೆಯನ್ನೂ ಎತ್ತಿ ಹೇಳಿದೆ. ತರಗತಿಯ ಕೊನೆಯ ಸಾಲಿನಲ್ಲಿ ಬಾಯಿ ತೆರೆಯಲು ಅಂಜಿ ಕುಳಿತ ಮಗುವಿನಲ್ಲಿ ಹೇಳಬೇಕಾದುದು ಇಲ್ಲವೆಂದು ತೀರ್ಪು ಕೊಡುವ ಮೊದಲು, ಕೇಳಬೇಕಾದವರು ಕೇಳಿದ್ದಾರೆಯೇ ಎಂದು ವಿಚಾರಿಸುವುದು ಗುರುಧರ್ಮ. ದೀಪ ಹಿಡಿಯುವುದು ಗುರುವಿನ ಕೆಲಸ. ಗಡಿಗೆ ಅಲ್ಲಿಯೇ ಇದೆ.