ಹೆರಿಗೆ ವಾರ್ಡಿಗೆ ಬಾರದ ಆಕ್ಸಿಮೀಟರ್

ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಉಚಿತ ಎಂದು ಸರ್ಕಾರಗಳು ಹೇಳಿಕೊಳ್ಳುವುದರಲ್ಲಿ ಸುಳ್ಳಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಬೆಂಗಳೂರಿನಲ್ಲಿ ಜಯದೇವ ಇದೆ, ಹಣವನ್ನೇ ಕೇಳದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಇದೆ. ನನ್ನ ತಕರಾರು ಬೇರೆ. ಆಪರೇಷನ್ ಟೇಬಲ್ಲಿನವರೆಗೆ ಜೀವಂತ ತಲುಪಿದ ಮಗುವಷ್ಟೇ ಈ ಲೆಕ್ಕದೊಳಗೆ ಬರುತ್ತದೆ. ತಲುಪದ ಮಗುವಿನ ಕಥೆ ‘ಕಫ ಕಟ್ಟಿ ಹೋಯಿತು’ ಎಂಬಲ್ಲಿಗೆ ಮುಗಿಯುತ್ತದೆ.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. ದೇಶದಲ್ಲಿ ಅಂಥವರು ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು. ಅವರಲ್ಲಿ ಐವರಿಗೊಬ್ಬರಂತೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು. ಎರಡು ಮುಖ್ಯ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಮಗುವಿಗಂತೂ ಕೆಲವೇ ವಾರಗಳ ಗಡುವು. ಆದರೆ ಮೊದಲ ದಿನ ಇಂಥ ಎಷ್ಟೋ ಮಕ್ಕಳು ಚೆನ್ನಾಗಿಯೇ ಕಾಣುತ್ತವೆ. ಗರ್ಭದಲ್ಲಿ ರಕ್ತಕ್ಕೆ ಅಡ್ಡದಾರಿಯಾಗಿದ್ದ ನಾಳ ಆಗಿನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಅದು ಮುಚ್ಚಿ ಮಗು ಕುಸಿಯುವ ಹೊತ್ತಿಗೆ ಬಾಣಂತಿ ತವರು ಸೇರಿರುತ್ತಾಳೆ.

ಸಿಂಧನೂರು ಕಡೆಯ ನಮ್ಮ ಸಂಬಂಧಿಕರ ಕೂಸಿನ ದೋಷವೂ ಮನೆಗೆ ಹೋದ ಮೇಲೆಯೇ ಗೊತ್ತಾದದ್ದು. ಶ್ವಾಸಕೋಶದಿಂದ ಎಡಕ್ಕೆ ಬರಬೇಕಾದ ರಕ್ತನಾಳಗಳು ಹೃದಯದ ಬಲಗಡೆ ಸೇರಿದ್ದವು. ‘ಕೂಸು ಹಾಲು ಕುಡಿಯೂ ಮುಂದ ಬೆವರ್ತದರೀ’ ಎಂದು ಆ ತಾಯಿ ಕಂಡಕಂಡವರಿಗೆಲ್ಲ ಹೇಳಿದಳು. ನ್ಯುಮೋನಿಯಾ ಎಂದು ಔಷಧ ಕೊಟ್ಟರು. ಮನೆಯಲ್ಲಿ ದೃಷ್ಟಿ ತೆಗೆದರು, ಬಸುರಿ ಇದ್ದಾಗ ಗ್ರಹಣದಲ್ಲಿ ಹೊರಗೆ ಹೋಗಿದ್ದೆ ಎಂದು ಅವಳನ್ನೇ ದೂರಿದರು. ಕೊನೆಗೆ ರಾಯಚೂರಿನಲ್ಲಿ ಒಬ್ಬ ಮಕ್ಕಳ ಡಾಕ್ಟರು ಕಾಲಿಗೆ ಆಕ್ಸಿಮೀಟರಿನ ಪ್ರೋಬ್ ಸುತ್ತಿ ಆಮ್ಲಜನಕದ ಅಂಕಿ ನೋಡಿದರು, ಅಂದೇ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದರು. ಮಗು ಉಳಿಯಿತು. ಅದೇ ಪ್ರೋಬನ್ನು ಹೆರಿಗೆಯಾದ ಆಸ್ಪತ್ರೆಯಲ್ಲಿ ಯಾರೂ ಸುತ್ತಿರಲಿಲ್ಲ.

ಇದೇನು ದೊಡ್ಡ ವಿದ್ಯೆಯಲ್ಲ. ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈಗೆ, ಒಂದು ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಇಡುವುದು. ಅಂಕಿ 95ಕ್ಕಿಂತ ಕಡಿಮೆ ಇದ್ದರೆ, ಅಥವಾ ಕೈಗೂ ಕಾಲಿಗೂ ಹೆಚ್ಚು ಅಂತರವಿದ್ದರೆ ಮತ್ತೆ ನೋಡುವುದು. 90ಕ್ಕಿಂತ ಇಳಿದಿದ್ದರೆ ಕಾಯದೆ ಎಕೋಗೆ ಕಳಿಸುವುದು. ಸೂಜಿ ಇಲ್ಲ, ನೋವಿಲ್ಲ, ಕೆಲವೇ ನಿಮಿಷ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿರಬೇಕು ಎಂಬ ನಿಯಮ ಇರುವಾಗ ಸಮಯವಿಲ್ಲ ಎನ್ನುವಂತೆಯೂ ಇಲ್ಲ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಬಂದ ಯಂತ್ರವಿದು. ಎಳೆಗೂಸಿಗೆ ಬೇರೆ ಪ್ರೋಬ್ ಬೇಕು, ಅಷ್ಟೇ. ಅಮೆರಿಕ 2011ರಲ್ಲೇ ಇದನ್ನು ನವಜಾತ ಶಿಶುಗಳ ತಪಾಸಣಾ ಪಟ್ಟಿಗೆ ಸೇರಿಸಿತು. ಅಷ್ಟು ದೂರವೇಕೆ, ಹೃದಯದೋಷವಿರುವ ಮಕ್ಕಳಿಗಾಗಿ 2017ರಲ್ಲಿ ‘ಹೃದ್ಯಂ’ ಯೋಜನೆ ಶುರುಮಾಡಿದ ಕೇರಳ ನಮ್ಮ ಪಕ್ಕದಲ್ಲೇ ಇದೆ.

‘ಮಗು ನೀಲಿಗಟ್ಟಿದರೆ ಕಣ್ಣಿಗೇ ಕಾಣುತ್ತದಲ್ಲ’ ಎನ್ನುವವರಿದ್ದಾರೆ. ಕಾಣುವುದಿಲ್ಲ. ಆಮ್ಲಜನಕ 80ರ ಆಸುಪಾಸಿಗೆ ಇಳಿಯುವವರೆಗೂ ಅನುಭವಿಗಳ ಕಣ್ಣೇ ಮೋಸಹೋಗುತ್ತದೆ, ಅದರಲ್ಲೂ ನಮ್ಮಂಥ ಕಂದುಬಣ್ಣದವರ ಮಕ್ಕಳಲ್ಲಿ, ಟ್ಯೂಬ್‌ಲೈಟಿನ ಕೆಳಗೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆಯಲ್ಲ ಎನ್ನುವುದು ಇನ್ನೊಂದು ಸಮಾಧಾನ. ಆ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುತ್ತದೆ, ಹೃದಯದಲ್ಲಿ ತೂತಿರುವ ಮಕ್ಕಳನ್ನು ಹುಡುಕಿಕೊಟ್ಟಿದೆ, ನಿಜ. ಆದರೆ ಅಂಗನವಾಡಿಗೆ ಬರುವಷ್ಟು ದಿನ ಬದುಕದ ಮಗುವನ್ನು ಅದು ಎಲ್ಲಿ ಹುಡುಕಬೇಕು? ಇನ್ನು ಸುಳ್ಳು ಎಚ್ಚರಿಕೆಯ ಭಯ. ಹುಟ್ಟಿ 24 ಗಂಟೆ ಕಳೆದ ಮೇಲೆ ನೋಡಿದರೆ ಅದು ಬಹಳ ಕಡಿಮೆ, ಹಾಗೆ ಸಿಕ್ಕಿಬಿದ್ದ ಮಕ್ಕಳಲ್ಲೂ ಎಷ್ಟೋ ಸಲ ಸೋಂಕೋ ಶ್ವಾಸಕೋಶದ ತೊಂದರೆಯೋ ಇರುತ್ತದೆ. ಈ ಪರೀಕ್ಷೆಗೆ ಸಿಗದ ದೋಷಗಳೂ ಇವೆ. ಸಿಗುವಷ್ಟನ್ನಾದರೂ ಹಿಡಿಯಬೇಡವೇ?

ನಾನು ಗೌರವಿಸುವ ಆಕ್ಷೇಪ ಒಂದೇ: ಪತ್ತೆಯಾದ ಮಗುವನ್ನು ಕಳಿಸುವುದು ಎಲ್ಲಿಗೆ? ಎಳೆಗೂಸಿನ ಹೃದಯ ತೆರೆಯಬಲ್ಲ ತಂಡಗಳು ಹೆಚ್ಚಾಗಿ ಬೆಂಗಳೂರಿನಲ್ಲೇ ಇವೆ, ಬೀದರಿನ ಮಗುವಿಗೆ ಅದು ರಾತ್ರಿಯಿಡೀ ದಾರಿ. ಹಾಗೆಂದು ಪತ್ತೆಯನ್ನೇ ಮಾಡದೆ ಕೂರುವುದಕ್ಕಿಂತ ದಾರಿ ಸರಿಮಾಡುವುದು ಸರ್ಕಾರದ ಕೆಲಸ. ತಾಯಿ ಕಾರ್ಡಿನಲ್ಲಿ ಲಸಿಕೆಯ ಪಕ್ಕ ಈ ಅಂಕಿಗೊಂದು ಕಾಲಂ ಬರಲಿ, ಅದು ಖಾಲಿಯಿದ್ದರೆ ಡಿಸ್ಚಾರ್ಜ್ ಬೇಡ. ಖಾಸಗಿ ನರ್ಸಿಂಗ್ ಹೋಮಿಗೂ ಇದೇ ನಿಯಮ. ಜಿಲ್ಲೆಗೊಂದು ನವಜಾತ ಶಿಶುಗಳ ಆಂಬುಲೆನ್ಸ್ ನಿಲ್ಲಲಿ. ಮುಚ್ಚುತ್ತಿರುವ ನಾಳವನ್ನು ತೆರೆದಿಟ್ಟು ದಾರಿಯುದ್ದ ಮಗುವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ಔಷಧವಿದೆ. ಅದನ್ನು ತಣ್ಣಗೆ ಇಡಬೇಕು. ಲಸಿಕೆ ಇಡುವ ಫ್ರಿಜ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ.